ಲಟಕ್ ಅಂದರೆ ಮೂಳೆ ಕೂತಿತು ಅಂತಲ್ಲ

ಬೆನ್ನು, ಕುತ್ತಿಗೆಯನ್ನು ಕೈಯಿಂದ ಒತ್ತಿ ತಿರುವಿ ನೋವಿಗೆ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್ ಸೊಂಟ ತಿರುವಿದಾಗ 'ಲಟಕ್' ಅನ್ನುತ್ತದಲ್ಲ, ಅದು ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ರೀಲ್ಸ್‌ಗಳಲ್ಲಿ ಮೈಕ್ ಹಚ್ಚಿ ಆ ಸದ್ದನ್ನೇ ಮಾರುತ್ತಿದ್ದಾರೆ, ಹಾಗಾಗಿ ಮೊದಲು ಇದನ್ನೇ ಹೇಳಬೇಕು. ಬೆನ್ನುಮೂಳೆಯ ಮಣಿಗಳು ಹಿಂಬದಿಯಲ್ಲಿ ಎಡಬಲಕ್ಕೆ ಚಿಕ್ಕ ಕೀಲುಗಳಿಂದ ಕೂಡಿಕೊಂಡಿರುತ್ತವೆ. ಆ ಕೀಲನ್ನು ಫಕ್ಕನೆ ಎಳೆದರೆ ಒಳಗಿನ ದ್ರವದ ಒತ್ತಡ ಇಳಿದು ಅನಿಲದ ಗುಳ್ಳೆ ಏಳುತ್ತದೆ. ಬೆರಳಿನ ಲಟಿಕೆಯೂ ಇದೇ. ಒಮ್ಮೆ ಸದ್ದಾದ ಕೀಲು ಮುಂದಿನ ಸುಮಾರು 20 ನಿಮಿಷ ಸುಮ್ಮನಿರುತ್ತದೆ.

ಮಣಿ ಜರುಗಿ ನರ ಒತ್ತಿದ್ದರಿಂದಲೇ ಬಹುಪಾಲು ರೋಗ ಬರುತ್ತದೆ ಎಂಬ ವಾದ 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಈ ಪದ್ಧತಿ ಹುಟ್ಟುಹಾಕಿದ ಡಿ. ಡಿ. ಪಾಮರ್ ಅವರದು. ಅದಕ್ಕೆ ಸಂಶೋಧನೆಯ ಆಧಾರವಿಲ್ಲವೆಂದು 2010ರಲ್ಲಿ ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರ್‌ಗಳನ್ನು ನಿಯಂತ್ರಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ ಹೇಳಿತು. ಮಣಿ ನಿಜಕ್ಕೂ ಮುಂದೆ ಜಾರುವ ಸ್ಪಾಂಡಿಲೋಲಿಸ್ಥಿಸಿಸ್ ಇದೆ, ಬೆನ್ನು ಪಕ್ಕಕ್ಕೆ 10 ಡಿಗ್ರಿಗಿಂತ ಹೆಚ್ಚು ಬಾಗುವ ಸ್ಕೋಲಿಯೋಸಿಸ್ ಇದೆ. ಎರಡೂ ಎಕ್ಸ್‌ರೇಯಲ್ಲಿ ಕಾಣುತ್ತವೆ, ಯಾವುದೂ ಕೈಯೊತ್ತಿಗೆ ನೆಟ್ಟಗಾಗುವುದಿಲ್ಲ.

ಹಾಗಾದರೆ ನೋವು ಕಡಿಮೆಯಾಗುವುದು ಸುಳ್ಳೇ? ಅಲ್ಲ. ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಒಂದು ಕೈಯಲ್ಲಿ ಭುಜ ಹಿಡಿದು ಇನ್ನೊಂದರಿಂದ ಸೊಂಟವನ್ನು ಬಿಗಿಯಾಗುವಷ್ಟು ತಿರುವುತ್ತಾರೆ. ಅಲ್ಲಿಂದ ಮುಂದೆ ಒಂದೇ ಒತ್ತು, ವೇಗ ಹೆಚ್ಚು, ದೂರ ತೀರಾ ಕಡಿಮೆ. ಇದರಿಂದ ಸ್ನಾಯು ಸಡಿಲವಾಗುತ್ತದೆ, ನೋವಿನ ಅರಿವು ಕೊಂಚ ಹೊತ್ತು ತಗ್ಗುತ್ತದೆ, ಆ ಹೊತ್ತಿನಲ್ಲಿ ಮೈ ಆಡಿಸಲು ಸುಲಭ. ಹೊಸದಾಗಿ ಸೊಂಟ ಹಿಡಿದುಕೊಂಡವರಿಗೆ ಔಷಧಿಯಿಲ್ಲದ ಉಪಾಯಗಳಲ್ಲಿ ಇದೂ ಒಂದೆಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಒಪ್ಪಿದೆ. ಆದರೆ ನಡಿಗೆ, ವ್ಯಾಯಾಮ ಬಿಟ್ಟು ಇದೊಂದನ್ನೇ ನೆಚ್ಚಬೇಡಿ. ನಾಲ್ಕೈದು ಸಲಕ್ಕೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಬೋರಲು ಮಲಗಿಸಿ 'ನಿಮ್ಮ ಒಂದು ಕಾಲು ಗಿಡ್ಡ' ಎಂದು ತೋರಿಸಿ ತಿಂಗಳುಗಟ್ಟಲೆಯ ಪ್ಯಾಕೇಜಿಗೆ ಮುಂಗಡ ಕೇಳಿದರೆ ಎದ್ದು ಬನ್ನಿ. ಮಲಗಿದ ಭಂಗಿ ಸ್ವಲ್ಪ ಓರೆಯಾದರೂ, ಪಾದ ಹಿಡಿದವರ ಕೈ ಸ್ವಲ್ಪ ಎಳೆದರೂ ಕಾಲಿನ ಅಳತೆ ಬದಲಾಗುತ್ತದೆ.

ಕುತ್ತಿಗೆಯ ವಿಷಯದಲ್ಲಿ ನನ್ನದು ಖಂಡಿತ ಬೇಡ ಎಂಬ ಮಾತು. ಮಿದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕುತ್ತಿಗೆಯ ಮಣಿಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ರಭಸದ ತಿರುವಿಗೆ ಆ ಧಮನಿಯ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ಅಪರೂಪ, ನಿಜ. ಆದರೆ ಕುತ್ತಿಗೆ ನೋವಿಗೆ ಅಪಾಯವಿಲ್ಲದ ವ್ಯಾಯಾಮಗಳಿರುವಾಗ ಆ ಅಪರೂಪವನ್ನೂ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಕಟಿಂಗ್ ಮುಗಿಸಿ ಸಲೂನಿನಲ್ಲಿ ಕತ್ತು ತಿರುವುವುದಕ್ಕೂ ಇದೇ ಮಾತು. ತಿರುವಿಸಿಕೊಂಡ ಮೇಲೆ ಹಿಂದೆಂದೂ ಇಲ್ಲದ ತಲೆನೋವು, ಎರಡೆರಡು ಕಾಣುವುದು, ಮಾತು ತೊದಲುವುದು, ನಡಿಗೆ ತೂರಾಡುವುದು ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇರುವವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಬೆನ್ನನ್ನೂ ಒತ್ತಿಸಿಕೊಳ್ಳಬಾರದು. ರಾತ್ರಿ ಹೆಚ್ಚುವ ಬೆನ್ನುನೋವಿನ ಜೊತೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮೊದಲು ಬೆನ್ನುಮೂಳೆಯ ಟಿಬಿ ಇಲ್ಲವೆಂದು ಖಚಿತವಾಗಬೇಕು. ನಮ್ಮಲ್ಲಿ ಇದು ಇನ್ನೂ ಇದೆ. ತೊಡೆಸಂದಿಯಲ್ಲಿ ಮರಗಟ್ಟಿ ಮೂತ್ರ ಕಟ್ಟಿದರೆ ಬೆಳಗಿನವರೆಗೂ ಕಾಯಬೇಡಿ, ಅದೇ ರಾತ್ರಿ ತುರ್ತು ಚಿಕಿತ್ಸೆಗೆ ಹೋಗಬೇಕು.