ಪಿನ್ನಿನ ತೂತಿರುವ ಪೋಸ್ಟರು

ಹಳೆಯ ಕಂಪ್ಯೂಟರು ಕೂಡಿಡುವವರಿಗೆ ಜಾಗ ಬೇಕು, ಕರೆಂಟು ಬೇಕು, ಬಿಡಿಭಾಗ ಬೇಕು. ಅವುಗಳ ಪೋಸ್ಟರು ಕೂಡಿಡುವ ನನ್ನಂಥವರಿಗೆ ಉದ್ದನೆಯ ಒಂದು ಕೊಳವೆ ಸಾಕು. ಕೋಣೆ ತುಂಬುವ ಮೇನ್‌ಫ್ರೇಮು ಕೂಡ ಅದರೊಳಗೆ ಸುರುಳಿ ಸುತ್ತಿಕೊಂಡು ಕೂರುತ್ತದೆ.

ಯಂತ್ರವನ್ನೇ ದೊಡ್ಡದಾಗಿ ತೋರಿಸಿದ ಪೋಸ್ಟರುಗಳಿಗೆ ಬೇಗ ಮುಪ್ಪು ಬರುತ್ತದೆ. ತೋರಿಸದೆ ಜಾಣತನ ಮಾಡಿದವು ಇಂದಿಗೂ ಗಟ್ಟಿ. ವಿನ್ಯಾಸಕಾರ ಪಾಲ್ ರ‍್ಯಾಂಡ್ 1981ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂಗೆ ಮಾಡಿಕೊಟ್ಟದ್ದನ್ನು ನೋಡಿ. ಒಂದು ಕಣ್ಣು, ಒಂದು ಜೇನುನೊಣ, ಪಕ್ಕದಲ್ಲಿ ಪಟ್ಟೆಪಟ್ಟೆಯ ‘ಎಂ’. ಇಂಗ್ಲಿಷಿನಲ್ಲಿ ಕಣ್ಣು ‘ಐ’, ಜೇನುನೊಣ ‘ಬೀ’. ಅಷ್ಟೇ. ಕಂಪನಿಗೆ ಮೊದಲು ದಿಗಿಲಾಯಿತಂತೆ. ಸಿಬ್ಬಂದಿಯೆಲ್ಲ ಲೋಗೋ ಜೊತೆ ಆಟ ಶುರುಮಾಡಿದರೆ ಏನು ಗತಿ ಎಂದು ಕೆಲಕಾಲ ಹಂಚದೆ ತಡೆದಿತ್ತು.

ಆಪಲ್‌ನ ‘ಥಿಂಕ್ ಡಿಫರೆಂಟ್’ (ಬೇರೆಯಾಗಿ ಯೋಚಿಸಿ) ಜಾಹೀರಾತು ಸರಣಿ ಬಂದದ್ದು 1997ರಲ್ಲಿ. ಆಗ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಅದರ ಐಮ್ಯಾಕ್ ಕಂಪ್ಯೂಟರು ಬರಲು ಇನ್ನೂ ಒಂದು ವರ್ಷವಿತ್ತು. ತೋರಿಸಲು ಹೇಳಿಕೊಳ್ಳುವಂಥ ಯಂತ್ರವೇ ಇರಲಿಲ್ಲ ಅಂತ ನನ್ನ ಗುಮಾನಿ. ಅದಕ್ಕೇ ಐನ್‌ಸ್ಟೈನ್, ಪಿಕಾಸೊ, ಗಾಂಧೀಜಿ. ಚರಕ ತಿರುಗಿಸಿದವರ ಚಿತ್ರ ಹಾಕಿ ಕಂಪ್ಯೂಟರ್ ಮಾರುವುದಕ್ಕೂ ಧೈರ್ಯ ಬೇಕು, ಅಲ್ವಾ?

ಇವುಗಳ ನಕಲು ಈಗ ಬೇಕಾದಷ್ಟು. ಭೂತಗನ್ನಡಿ ಹಿಡಿದರೆ ಮೂಲ ಪ್ರತಿಯಲ್ಲಿ ಛಾಪಖಾನೆಯ ಆಫ್‌ಸೆಟ್ ಮುದ್ರಣದ ಚುಕ್ಕಿಗಳು ಅಚ್ಚುಕಟ್ಟಾಗಿ ಸಾಲುಗೂಡಿರುತ್ತವೆ. ಇಂಕ್‌ಜೆಟ್ ನಕಲಿನಲ್ಲಿ ರಂಗೋಲಿ ಪುಡಿ ಉದುರಿಸಿದ ಹಾಗೆ. ಆಫ್‌ಸೆಟ್‌ನಲ್ಲೇ ಮರುಮುದ್ರಿಸಿದ್ದರೆ ಮಾತ್ರ ಭೂತಗನ್ನಡಿಯೂ ಕೈಚೆಲ್ಲುತ್ತದೆ.

ಪರಿಣತರು ಮಡಿಕೆಯಿಲ್ಲದ, ತೂತಿಲ್ಲದ ಪ್ರತಿಯನ್ನೇ ಕೇಳುತ್ತಾರೆ. ಬೆಲೆಯೂ ಅದಕ್ಕೇ ಜಾಸ್ತಿ. ನನಗೆ ನಾಲ್ಕೂ ಮೂಲೆಯಲ್ಲಿ ಪಿನ್ನಿನ ತೂತಿರುವುದೇ ಇಷ್ಟ. ಅದು ಯಾವುದೋ ಆಫೀಸಿನ ಗೋಡೆಯ ಮೇಲೆ ದುಡಿದಿದೆ. ಅದರ ಕೆಳಗೆ ನಿಂತು ಯಾರೋ ಬಾಸನ್ನು ಬೈದಿರುತ್ತಾರೆ. ಕೊಳವೆಯಿಂದ ಹೊರಗೇ ಬರದ ಪೋಸ್ಟರು ಯಾರಿಗೆ ಪ್ರಚಾರ ಮಾಡಿತು, ಹೇಳಿ?

ಹಾಗಾಗಿ ನನ್ನ ಹತ್ತಿರ ಇರುವವನ್ನು ನೇತುಹಾಕುತ್ತೇನೆ. ನೇರ ಬಿಸಿಲು ಬೀಳದ ಗೋಡೆಗೆ, ಗಾಜು ಹಾಕಿಸಿ. ಬಿಸಿಲಿಗೆ ಕೆಂಪು, ಹಳದಿ ಮೊದಲು ಹಾರಿಹೋಗಿ ಕೊನೆಗೆ ಎಲ್ಲರ ಮುಖವೂ ನೀಲಿಯಾಗುತ್ತದೆ.

ಒಂದು ಮಾತ್ರ ಇನ್ನೂ ಗೋಡೆ ಸೇರಿಲ್ಲ. ಪೋಸ್ಟರಲ್ಲ, 1969ರ ನೀಮನ್ ಮಾರ್ಕಸ್ ಎಂಬ ಅಮೆರಿಕದ ದುಬಾರಿ ಅಂಗಡಿಯ ಕ್ಯಾಟಲಾಗಿನ ಜಾಹೀರಾತು. ಹನಿವೆಲ್ ಕಂಪನಿಯ ಕಿಚನ್ ಕಂಪ್ಯೂಟರು, ಬೆಲೆ 10,600 ಡಾಲರ್. ಅಡುಗೆಯ ವಿಧಾನ ಹೇಳುತ್ತದಂತೆ. ಆದರೆ ಕೇಳಬೇಕಾದ್ದನ್ನು ಸ್ವಿಚ್ಚು ಒತ್ತಿ ಕೇಳಬೇಕು, ಉತ್ತರವನ್ನು ದೀಪಗಳಲ್ಲಿ ಓದಿಕೊಳ್ಳಬೇಕು. ಒಂದೂ ಮಾರಾಟವಾದ ದಾಖಲೆಯಿಲ್ಲ. ‘ಹನಿವೆಲ್ ಲೆಕ್ಕ ಮಾಡುವಷ್ಟು ಚೆನ್ನಾಗಿ ಅವಳಿಗೆ ಅಡುಗೆ ಬಂದಿದ್ದರೆ’ ಎಂದು ಮನೆಯ ಹೆಂಗಸನ್ನು ಕುರಿತು ಅದರ ಮೇಲೊಂದು ಸಾಲು ಬೇರೆ! ನಮ್ಮ ಅಡುಗೆಮನೆಯ ಖಾಲಿ ಗೋಡೆಗೆ ಅಳತೆ ಸರಿಯಾಗಿದೆ. ಮನೆಯಲ್ಲಿ ಅನುಮತಿ ಸಿಕ್ಕಿಲ್ಲ.