ಶಾಡಿಯ ಬಾಯಿ, ಗೆಳೆಯನ ಬಾಯಿ

ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ತಿಥಿ ಇರುವ ಜಾಗದ ಮೇಲೆಯೇ ಹಾಲಿನ ಲೆಕ್ಕ ಬರೆಯುತ್ತಾರೆ. ಅರ್ಧ ಲೀಟರ್, ಒಂದು ಲೀಟರ್, ಬಂದಿಲ್ಲ, ಮೊಸರು ಒಂದು. ಅಷ್ಟಗಲದ ಚೌಕ ಖಾಲಿ ಬಿದ್ದಿದ್ದರೂ ಪೆನ್ನಿನ ಮೊನೆ ಹೋಗಿ ಕೂರುವುದು ಸಣ್ಣಕ್ಷರದ ‘ಏಕಾದಶಿ’ಯ ನೆತ್ತಿಯ ಮೇಲೆ. ಹಾಲಿನವರಿಗೆ ತಿಂಗಳಿಗೊಮ್ಮೆ ಲೆಕ್ಕ ಕೊಟ್ಟರೆ ಮುಗಿಯಿತು. ನನಗೆ ಗೆಳೆಯನೊಬ್ಬನಿಗೆ ದಿನಬೆಳಗಾದರೆ ಕೊಡಬೇಕು. ಕಾಫಿ ಕುಡಿಯುವ ಮೊದಲೇ ಫೋನು: “ಹ್ವಾಯ್, ಇವತ್ತ್ ಎಂತ ತಿಥಿ?” ಅವನ ಮನೆಯಲ್ಲೂ ಕ್ಯಾಲೆಂಡರ್ ಇದೆ. ಅದರ ಮೇಲೆ ಗ್ಯಾಸ್ ಸಿಲಿಂಡರಿನ ಲೆಕ್ಕ ಇರಬೇಕು.

ತಿಥಿ ಗೊತ್ತಾದರೆ ನೀರು ಗೊತ್ತಾಯಿತು, ನೀರು ಗೊತ್ತಾದರೆ ಮೀನಿಗೆ ಗಾಳ ಹಾಕುವ ಹೊತ್ತು ಗೊತ್ತಾಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ, ಅಂದರೆ ಕಡಲ ನೀರಿನ ಏರು, ಜೋರು; ಅಷ್ಟಮಿಯ ಹೊತ್ತಿಗೆ ನೀರಿಗೆ ಏರುವ ಮನಸ್ಸೂ ಇಲ್ಲ, ಇಳಿಯುವ ಮನಸ್ಸೂ ಇಲ್ಲ. ಮುಂಬೈ ಕಡೆಯ ಕೊಂಕಣದವರಲ್ಲಿ ಒಂದು ಲೆಕ್ಕವಿದೆ, ತಿಥಿಯ ಮುಕ್ಕಾಲು ಪಟ್ಟು. ಚೌತಿಯಾದರೆ ಭರತ ಮೂರು ಗಂಟೆಗೆ, ಅಷ್ಟಮಿಯಾದರೆ ಆರಕ್ಕೆ. ಭರತ ನಮ್ಮ ಕರಾವಳಿಯಲ್ಲಿ ತೆಂಕಿನಿಂದ ಬಡಗಿಗೆ ಸಾಗುವುದರಿಂದ ಕುಂದಾಪುರಕ್ಕೆ ಮುಂಬೈಗಿಂತ ಬೇಗ ಬರುತ್ತದೆಂದು ಗೆಳೆಯ ಅದರಲ್ಲಿ ಒಂದಷ್ಟು ಕಳೆಯುತ್ತಾನೆ. ಆದರೆ ನಾವು ಕೂರುವುದು ಗಂಗೊಳ್ಳಿ ಅಳಿವೆಯಲ್ಲಲ್ಲ, ಒಳಗಿನ ತೋಡಿನ, ಅಂದರೆ ಕಿರುಹಳ್ಳದ, ಬಾಯಲ್ಲಿ. ಅಲ್ಲಿಗೆ ನೀರು ತಲುಪುವುದು ತಡ ಎಂದು ಒಂದಷ್ಟು ಕೂಡಿಸುತ್ತಾನೆ. ಕಳೆದು, ಕೂಡಿಸಿ, ಮೊದಲಿನ ಅಂಕಿಗೇ ಬಂದು ನಿಂತು, ನನ್ನ ಮೊಬೈಲಿನ ಆ್ಯಪ್ ಸುಳ್ಳು ಎನ್ನುತ್ತಾನೆ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂದು ಐದು ಹೊಳೆಗಳು ಬಂದು ಸೇರುವ ಊರು ನಮ್ಮದು. ಅಷ್ಟು ನೀರಿದ್ದೂ ನಮಗಿಬ್ಬರಿಗೆ ಬೇಕಾದದ್ದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವಿನ ಒಂದು ಇಕ್ಕಟ್ಟು ತೋಡು. ಭರತದಲ್ಲಿ ಚಟ್ಲಿ (ಸಿಗಡಿ), ಪುಡಿಮೀನು ಎಲ್ಲ ಕಾಂಡ್ಲದ ಬೇರುಗಳ ಸಂದಿಗೆ ನುಗ್ಗಿ ಮೇಯುತ್ತವೆ. ಇಳಿತ ಶುರುವಾದಾಗ ಅವು ತೋಡಿನ ಬಾಯಿಂದಲೇ ಹೊರಗೆ ಬರಬೇಕು. ದೊಡ್ಡ ಮೀನು ಅಲ್ಲಿ ಕಾದಿರುತ್ತದೆ. ದೊಡ್ಡ ಮೀನನ್ನು ಕಾಯುತ್ತ ನಾವು. ನಮ್ಮನ್ನು ಕಾಯುತ್ತ ನುಸಿ.

ಇದನ್ನು ಕಂಡು ಬೆಂಗಳೂರಿನ ನೆಂಟರೊಬ್ಬರು ‘ಎಂಥ ಮನಶ್ಶಾಂತಿ, ಧ್ಯಾನ ಮಾಡಿದ ಹಾಗೆ’ ಎಂದರು. ಕಾಂಡ್ಲದ ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ಬೇರಿಗಂಟಿದ ಚಿಪ್ಪಿನಿಂದ ಅಂಗಾಲು ಕುಯ್ದುಕೊಂಡು ನಿಂತವನಿಗೆ ಧ್ಯಾನದ ಮಾತು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಅವರಿಗಿಂತ ಒಂದು ತೂಕ ಹೆಚ್ಚು ಸಿಟ್ಟು ಬರುವುದು ಸೇತುವೆ ಮೇಲೆ ಬೈಕು ನಿಲ್ಲಿಸಿ ‘ಎಂತ ಸಿಕ್ತಾ?’ ಎಂದು ಕೇಳುವವರ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಊರಿಡೀ ಮೀನಿಗೆ ಬಾಯಿ ಬಿಡುವ ಆ ಎರಡು ತಿಂಗಳಂತೂ ಈ ಪ್ರಶ್ನೆಯದ್ದೇ ಸುಗ್ಗಿ. ಇಲ್ಲ ಎಂದರೆ ಉಪದೇಶ, ಹೌದು ಎಂದರೆ ‘ಕೇಜಿಗೆಷ್ಟು?’

ಆದರೂ ಹೊರಗಿನವರನ್ನು ಸಹಿಸಬಹುದು. ಪಕ್ಕದಲ್ಲಿ ಕೂತವನ ಬಾಯಿ ಇದೆಯಲ್ಲ, ಅದಕ್ಕೆ ಇಳಿತವೇ ಇಲ್ಲ. ಮೈದುನನ ಪಾಲುಪಟ್ಟಿ, ಸರ್ವೆಯವರು ತಪ್ಪು ಜಾಗಕ್ಕೆ ನೆಟ್ಟ ಕಲ್ಲು, ಮೊನ್ನೆಯ ಯಕ್ಷಗಾನದ ಆಟದಲ್ಲಿ ಭಾಗವತರು ಪದ್ಯ ಎಳೆದದ್ದು, ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ಮೀನು ಹೆದರುತ್ತದೆ, ಸುಮ್ಮನಿರು ಎಂದರೆ, “ಗಾಳಿಯಲ್ಲಿ ಆಡಿದ ಮಾತ್ ನೀರಿನೊಳಗೆ ಇಳಿಯುದಿಲ್ಲ ಮರಾಯ. ನೀ ಕಾಲ್ ಕುಟ್ಟಬೇಡ, ಅದು ಇಳಿತ್ತ್” ಎನ್ನುತ್ತಾನೆ. ಇದು ನಿಜ. ಮೇಲೆ ಆಡಿದ ಮಾತಿನ ಸದ್ದು ಬಹುಪಾಲು ನೀರಿನ ಮೈಗೆ ತಾಗಿ ಹಿಂದಕ್ಕೇ ಬರುತ್ತದೆ; ದಡ ಕುಟ್ಟಿದ ನಡುಕ ನೆಲದಿಂದ ನೀರಿಗೆ ದಾಟುತ್ತದೆ. ವಿಜ್ಞಾನ ಇಂಥವರ ಪಕ್ಷ ವಹಿಸಬಾರದಿತ್ತು.

ಹಾಗಾದರೆ ಇವನ ಜೊತೆ ಯಾಕೆ ಹೋಗುತ್ತೀರಿ ಎಂದು ಕೇಳಬಹುದು. ಅದಕ್ಕೊಂದು ಒಳ್ಳೆಯ ಕಾರಣವಿದೆ. ಅದನ್ನು ಹೇಳಲೆಂದೇ ಬರೆಯಲು ಕೂತದ್ದು. ಅದಕ್ಕೆ ಮೊದಲು ಶಾಡಿಯ ವಿಷಯ ಹೇಳಿಬಿಡುತ್ತೇನೆ.

ಶಾಡಿ ಮೀಸೆಯ ಮೀನು. ಮೈಮೇಲೆ ಹುರುಪೆಯಿಲ್ಲ, ಬರೀ ಲೋಳೆ. ಬೆನ್ನ ಮೇಲೊಂದು, ಎದೆಯ ಎರಡು ಕಡೆ ಒಂದೊಂದು ಗರಗಸದಂಚಿನ ವಿಷಮುಳ್ಳು. ಕಾಣೆ ಮೀನಿಗೆ ಅಂತ ಗಾಳಕ್ಕೆ ಕಟ್ಟಿದ ಒಳ್ಳೆಯ ಚಟ್ಲಿಯನ್ನು ಶಾಡಿ ನುಂಗಿದರೆ ಗೆಳೆಯ ಅದರ ಕುಲವನ್ನೆಲ್ಲ ಬೈಯುತ್ತಾನೆ. ಒಮ್ಮೆ ಗಾಳ ಬಿಡಿಸುವಾಗ ಮುಳ್ಳು ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಇಟ್ಟರೆ ಆ ನೋವು ಇಳಿಯುತ್ತದೆ. ಹತ್ತಿರದ ಚಾ ಅಂಗಡಿಯ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಅವನು ಸರ್ವೆ ಕಲ್ಲಿನ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಆವತ್ತು ಆ ಮೀನಿನ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಅದು ಗೊರ್ ಗೊರ್ ಎನ್ನುತ್ತಿತ್ತು.

ಈ ಗೊರಗೊರ ಬಾಯಿಂದ ಬರುವುದಲ್ಲ. ಎದೆಯ ಮುಳ್ಳನ್ನು ಅದರ ಕೀಲಿನಲ್ಲಿ ಉಜ್ಜಿ, ಹೊಟ್ಟೆಯೊಳಗಿನ ಗಾಳಿಚೀಲವನ್ನು ನಡುಗಿಸಿ ಶಾಡಿ ಸದ್ದು ಮಾಡುತ್ತದೆ. ಯಾಕೆಂದರೆ ಅದರ ಬಾಯಿಗೆ ಬೇರೆ ಕೆಲಸವಿದೆ. (‘ಯಾಕೆಂದರೆ’ ನನ್ನದು, ಜೀವಶಾಸ್ತ್ರದ್ದಲ್ಲ.) ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಅವನ್ನೆಲ್ಲ ಬಾಯೊಳಗೆ ತುಂಬಿಕೊಳ್ಳುತ್ತದೆ. ಹೆಚ್ಚಿನ ಮೀನುಗಳದ್ದು ಸಾಸಿವೆಗಿಂತ ಸಣ್ಣ ಮೊಟ್ಟೆ. ಇದರದ್ದು ಗೋಲಿಯಷ್ಟು ದಪ್ಪ. ಅಂಥ ಹತ್ತಾರು ಗೋಲಿಗಳನ್ನು ಬಾಯಲ್ಲಿಟ್ಟುಕೊಂಡು, ಮರಿಯಾಗಿ, ಮರಿಯ ಹೊಟ್ಟೆಯ ಭಂಡಾರ ಕರಗಿ, ಈಜಲು ಬರುವವರೆಗೆ ವಾರಗಟ್ಟಲೆ ಅದು ಉಪವಾಸ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎದುರಿಗೆ ಎಷ್ಟು ಒಳ್ಳೆಯ ಚಟ್ಲಿ ತೇಲಿ ಹೋದರೂ ಬಾಯಿ ತೆರೆಯುವ ಹಾಗಿಲ್ಲ. ಹೆಂಡತಿ ಆ ಹೊತ್ತಿಗೆ ಎಲ್ಲಿರುತ್ತಾಳೋ, ಅದು ಅವರವರ ಮನೆಯ ವಿಷಯ.

ಈ ತಪಸ್ವಿಗೆ ನಾವು ಮಾಡಿದ್ದೇನು? 1970ರ ದಶಕದ ನಡುವಿಗೆ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂತು. ಹಿಂಡನ್ನು ಸುತ್ತುವರಿದು ತಳ ಬಿಗಿದು ಎಳೆಯುವ ಬಲೆ. ಮೊಟ್ಟೆ ಹೊತ್ತ ಗಂಡುಗಳು ಒಟ್ಟಾಗಿ ಸಾಗುವಾಗ ಹಿಂಡು ಹಿಂಡೇ ಅದಕ್ಕೆ ಬಿದ್ದವು. ಬಲೆಯೊಳಗೆ ಉಸಿರು ಕಟ್ಟಿದಾಗ ಬಾಯಿ ತೆರೆಯಲೇಬೇಕಲ್ಲ. ಟನ್ನುಗಟ್ಟಲೆ ಮೊಟ್ಟೆ, ಮರಿ ಬೋಟು ನಿಲ್ಲುವ ದಕ್ಕೆಯಲ್ಲಿ, ಕಡಲಲ್ಲಿ ಚೆಲ್ಲಿ ಹೋಯಿತು. ಆಮೇಲೆ ಶಾಡಿಯ ಹಿಡಿತ ಬಿದ್ದುಹೋದದ್ದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ಮೀನುಗಾರಿಕಾ ವಿಜ್ಞಾನಿಗಳೇ ಬರೆದಿದ್ದಾರೆ. ತಂದೆಯನ್ನೂ ಮಕ್ಕಳನ್ನೂ ಒಂದೇ ಎಳೆತಕ್ಕೆ ಮುಗಿಸಿ, ಈಗ ‘ಮೊದಲಿನ ಹಾಗೆ ಮೀನಿಲ್ಲ ಮರಾಯ್ರೆ’ ಎಂದು ದಕ್ಕೆಯ ಮೇಲೆ ಕೂತು ನಿಟ್ಟುಸಿರು ಬಿಡುವವರನ್ನು ಕಂಡರೆ ಮೈ ಉರಿಯುತ್ತದೆ. ಎಲ್ಲಿಂದ ಇರಬೇಕು?

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಪೂರ್ತಿ ಕೇಳಿದ, ಅಪರೂಪ. ಕೇಳಿ, “ಹಾಂಗಾರೆ ನಮ್ಮ ಗಾಳಕ್ಕೆ ಬೀಳುದೆಲ್ಲ ಜವಾಬ್ದಾರಿ ಇಲ್ಲದ್ ಗಂಡುಗಳೇ” ಎಂದ. ಯೋಚಿಸಿದರೆ ತರ್ಕ ಪಕ್ಕಾ: ಬಾಯಲ್ಲಿ ಮಕ್ಕಳಿದ್ದವನು ಚಟ್ಲಿಗೆ ಬಾಯಿ ಹಾಕುವುದಿಲ್ಲ. ಹೆಣ್ಣೂ ಬೀಳಬಹುದಲ್ಲ ಎಂದೆ. ಅವನು ಅಷ್ಟರಲ್ಲಿ ಮೈದುನನ ಬಳಿಗೆ ಹೋಗಿಯಾಗಿತ್ತು.

ಕಾರಣದ ಮಾತು ಎಲ್ಲಿಗೆ ಬಂದಿತ್ತು? ಇರಲಿ, ಅಷ್ಟರಲ್ಲಿ ಕಾಣೆ ಬಿತ್ತು. ಬಲೆ ಬಂದರೆ ಮರಳಿನೊಳಗೆ ಹೂತುಕೊಂಡು ತಪ್ಪಿಸಿಕೊಳ್ಳುವಷ್ಟು ಜಾಣ ಮೀನು ಗಾಳದ ಮುಂದೆ ಮಾತ್ರ ಪೆದ್ದಾಗುತ್ತದೆ. ತಂಗೂಸಿ ದಾರ ಒಮ್ಮೆ ಟಕ್ ಎಂದಿತು, ಎಳೆದದ್ದು ಅವನು. ಗಾಳ ನನ್ನದು, ಚಟ್ಲಿ ಅವನದ್ದು, ಜಾಗ ಹಿಡಿದದ್ದು ನಾನು, ತಿಥಿ ಲೆಕ್ಕ ಹಾಕಿದ್ದು ಅವನು. ತಿಥಿ ಹೇಳಿದ್ದು ಯಾರು ಎಂದು ನಾನು ಕೇಳಿದೆ.

ಒಂದು ಕಾಣೆಯಲ್ಲಿ ಎರಡು ಮನೆಯ ಊಟವಾಗುವುದಿಲ್ಲ. ಆದರೆ ಅದನ್ನು ಏನು ಮಾಡಬೇಕೆಂಬುದರಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ. ಮೆಣಸು, ಹುಳಿ, ಅರಿಶಿನ ಅರೆದು ಹಚ್ಚಿ, ತೆಂಗಿನೆಣ್ಣೆಯಲ್ಲಿ ಕಾವಲಿ ಮೇಲೆ ಬೇಯಿಸಬೇಕು. ರವೆ ಹೊರಳಿಸಬಾರದು. ರವೆ ಹೊರಳಿಸುವುದು ಹೋಟೆಲಿನವರು. ಒಳಗಿರುವುದು ಎಷ್ಟು ದಿನದ ಮೀನೆಂದು ಗಿರಾಕಿಗೆ ತಿಳಿಯಬಾರದಲ್ಲ, ಅದಕ್ಕೆ. ಈ ಮಾತನ್ನು ಅವನು ದಾರಿಯುದ್ದಕ್ಕೂ ಹೇಳಿದ, ನಾನೂ ಹೇಳಿದೆ, ಹೆದ್ದಾರಿ ದಾಟುವಷ್ಟರಲ್ಲಿ ಇಬ್ಬರ ದನಿಯೂ ಏರಿತ್ತು. ಮೀನು ಅವನ ಮನೆಗೆ ಹೋಯಿತು. ಮಧ್ಯಾಹ್ನ ಅವನ ಹೆಂಡತಿ ಮಗನ ಕೈಲಿ ನಮಗೂ ಅರ್ಧ ತುಂಡು ಕಳಿಸಿದರು, ರವೆ ಹಚ್ಚಿ ಹುರಿದದ್ದು. ಚೆನ್ನಾಗಿತ್ತು. ಅವನಿಗೆ ಹೇಳಿಲ್ಲ.