ಐವತ್ತಮೂರು ರೂಪಾಯಿ ತೊಂಬತ್ತೊಂದು ಪೈಸೆ, ಎರಡು ಸಲ

ಈ ತಿಂಗಳ ಇಂಟರ್ನೆಟ್ ಬಿಲ್ ಬಂದಿದೆ. ತಿಂಗಳ ಶುಲ್ಕ 599 ರೂಪಾಯಿ. ಅದರ ಕೆಳಗೆ ಕೇಂದ್ರದ ಪಾಲಿನ ತೆರಿಗೆ ಸಿಜಿಎಸ್‌ಟಿ 53.91. ಅದರ ಕೆಳಗೆ ರಾಜ್ಯದ ಪಾಲಿನ ಎಸ್‌ಜಿಎಸ್‌ಟಿ 53.91. ಒಟ್ಟು 706.82. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಉತ್ಸವಕ್ಕೆ ಮುಂಚಿನ ಆಗಸ್ಟ್ ತಿಂಗಳ ಬಿಲ್ಲನ್ನೂ ತೆಗೆದು ಪಕ್ಕದಲ್ಲಿ ಇಟ್ಟುಕೊಂಡೆ. ಅವಳಿ ಮಕ್ಕಳು. ಹೆತ್ತ ತಾಯಿಗೂ ಗುರುತು ಸಿಗಬಾರದು, ಅಷ್ಟು ಹೋಲಿಕೆ.

ಯಾವ ಉತ್ಸವ ಎಂದು ನಿಮಗೆ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅತ್ತ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ, ಇತ್ತ ಸರಕು ಮತ್ತು ಸೇವಾ ತೆರಿಗೆಯ ದರ ಇಳಿಸಿ ದೇಶಕ್ಕೆಲ್ಲ ಜಿಎಸ್‌ಟಿ ಉಳಿತಾಯದ ಉತ್ಸವ. ಹಿಂದಿನ ಸಂಜೆ ಪ್ರಧಾನಿಯವರು ಟಿ.ವಿ.ಯಲ್ಲಿ ಮಾತನಾಡುತ್ತಾರೆ ಎಂದು ತಿಳಿದ ಕೂಡಲೇ ನನ್ನ ಹೆಂಡತಿ ಎಟಿಎಂ ಕಾರ್ಡ್ ಹುಡುಕತೊಡಗಿದಳು. ನೋಟು ರದ್ದಾದ 2016ರಿಂದ ಅಂಟಿದ ಅಭ್ಯಾಸ. ಈ ಸಲ ಹಾಗೇನೂ ಆಗಲಿಲ್ಲ. ಸೋಪು, ಶಾಂಪೂ, ಟೂತ್‌ಪೇಸ್ಟ್ ನೂರಕ್ಕೆ 18ರ ತೆರಿಗೆಯಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಪೊಟ್ಟಣದ ಪನ್ನೀರ್, ಪೆನ್ಸಿಲ್, ರಬ್ಬರು, ನೋಟ್‌ಬುಕ್ಕುಗಳಿಗೆ ತೆರಿಗೆಯೇ ಇಲ್ಲ. ವೈಯಕ್ತಿಕ ಜೀವ ವಿಮೆಗೂ ಆರೋಗ್ಯ ವಿಮೆಗೂ ಇಲ್ಲ. ಒಳ್ಳೆಯದೇ. ಕೊಟ್ಟದ್ದನ್ನು ಕೊಟ್ಟರು ಎನ್ನುವಷ್ಟು ಸೌಜನ್ಯ ನನಗಿದೆ.

ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತ ಅನುಭವ ನಿಮಗೆಲ್ಲ ಇದ್ದೇ ಇರುತ್ತದೆ. ಹೋಳಿಗೆಯ ಬುಟ್ಟಿ ಹಿಡಿದವನು ಆ ತುದಿಯಿಂದ ಬಡಿಸುತ್ತಾ ಬರುತ್ತಾನೆ. ನಾವು ಎಲೆಯ ಮೇಲಿನ ಪಲ್ಯವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡು ಕಾಯುತ್ತೇವೆ. ಅವನು ನಮ್ಮ ಎಡಗಡೆಯವನಿಗೆ ಎರಡು ಬಡಿಸುತ್ತಾನೆ, ಯಾರೋ ಕೂಗಿದರು ಎಂದು ಆ ಕಡೆ ತಿರುಗಿ ನೋಡುತ್ತಾನೆ, ತಿರುಗಿ ಬಂದು ಬಲಗಡೆಯವನಿಂದ ಶುರು ಮಾಡುತ್ತಾನೆ. ಕೇಳಲು ನಾಚಿಕೆ, ಕೇಳದಿರಲು ಹೊಟ್ಟೆಯುರಿ. ಇಂಟರ್ನೆಟ್ ಬಿಲ್ಲಿನ ಎಲೆ ಅದು. ಮುಂಚೆಯೂ 18, ಈಗಲೂ 18.

ಪಕ್ಕದ ಮನೆಯ ನಿವೃತ್ತ ಮೇಷ್ಟರು ಇದನ್ನು ಒಪ್ಪಲು ಸಿದ್ಧರಿರಲಿಲ್ಲ. ದಿನಕ್ಕೆ ಎರಡು ಪತ್ರಿಕೆ ಓದುವವರು. ಅಕ್ಟೋಬರ್ ಬಿಲ್ ಹಿಡಿದುಕೊಂಡು ಬಂದರು. "ಏನ್ರೀ, ಟಿ.ವಿ.ಗೆ ಇಳಿದಿದೆ. ಟಿ.ವಿ.ಯೊಳಗೆ ಬರುವುದಕ್ಕೆ ಇಳಿದಿಲ್ಲವೇ?" ಎಂದರು. ಹೌದು ಮೇಷ್ಟ್ರೇ, 32 ಇಂಚಿಗಿಂತ ದೊಡ್ಡ ಟಿ.ವಿ.ಗೆ 28 ಇದ್ದದ್ದು 18 ಆಗಿದೆ, ಅದಕ್ಕೆ ಬರುವ ತಂತಿಗೆ ಏನೂ ಆಗಿಲ್ಲ ಎಂದೆ. "ಹಾಗಾದರೆ ತೇರು ಅಗ್ಗ, ಹಗ್ಗ ದುಬಾರಿ" ಎಂದು ಬಿಲ್ ಮಡಚಿ ಜೇಬಿಗೆ ಇಟ್ಟುಕೊಂಡರು. ಮೂವತ್ತು ವರ್ಷ ಗಣಿತ ಕಲಿಸಿದವರು. ಸಂಜೆಯ ಹೊತ್ತಿಗೆ ಲೆಕ್ಕ ಹಾಕಿ ತಂದರು: ಸೋಪಿನ ಹಾಗೆ ನಮಗೂ 5 ಮಾಡಿದ್ದರೆ ಬಿಲ್ 628.95 ಆಗುತ್ತಿತ್ತು. ತಿಂಗಳಿಗೆ ಉಳಿತಾಯ 77.87. ವರ್ಷಕ್ಕೆ 934 ರೂಪಾಯಿ 44 ಪೈಸೆ. ಆ ಚೀಟಿ ಇನ್ನೂ ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿದೆ.

ನನ್ನ ದುಃಖ ಬೇರೆ. ತೆರಿಗೆ ದರದ 12 ಮತ್ತು 28ರ ಮಹಡಿಗಳನ್ನು ಕೆಡವಿದರಲ್ಲ, ಮೇಲೆ ಇದ್ದ ಸಾಹುಕಾರರೆಲ್ಲ ನಮ್ಮ ಮಹಡಿಗೆ ಬಂದು ನೆಲೆಸಿದ್ದಾರೆ. ಎಸಿ ಬಂತು, ಸಣ್ಣ ಕಾರು ಬಂತು, ಸಿಮೆಂಟ್ ಬಂತು. ಕೆಳಗಿನ 5ರ ಮಹಡಿಯಲ್ಲಿ ಮೊದಲು ನಮ್ಮ ಜೊತೆಗಿದ್ದ ಸಲೂನು, ಜಿಮ್ಮು, ಬ್ಯೂಟಿ ಪಾರ್ಲರುಗಳು ಹೋಗಿ ಸಂಸಾರ ಹೂಡಿವೆ. ಕ್ಷೌರ ಅತ್ಯಗತ್ಯ, ನಾನು ಅಲ್ಲಗಳೆಯುವುದಿಲ್ಲ. ಚಿನ್ನದ ಕಥೆ ಕೇಳಲೇಬೇಡಿ, ಅದಕ್ಕೆ 3. ಕತ್ತರಿಸಿ ಹೊಳಪು ಕೊಟ್ಟ ವಜ್ರಕ್ಕೆ ಒಂದೂವರೆ. ಹೆಲಿಕಾಪ್ಟರಿನಲ್ಲಿ ಸೀಟು ಹಂಚಿಕೊಂಡು ತೀರ್ಥಯಾತ್ರೆಗೆ ಹೋಗುವವರಿಗೆ ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿ 2024ರಲ್ಲೇ 5 ಎಂದು ಹೇಳಿತ್ತು. ಅಂದರೆ ಮುಂದಿನ ಸಲ ಇಂಟರ್ನೆಟ್ ಕಂಪನಿಯವರು ವೈರನ್ನು ಚಿನ್ನದಲ್ಲಿ ಎಳೆದು, ವಜ್ರದ ಪ್ಲಗ್ ಹಾಕಿ, ಹೆಲಿಕಾಪ್ಟರಿನಲ್ಲಿ ತಂದುಕೊಟ್ಟರೆ ಸ್ವಲ್ಪ ಅಗ್ಗವಾದೀತೋ ಏನೋ.

ತೆರಿಗೆಯ ವರ್ಗೀಕರಣ ಎನ್ನುವುದು ವೇದಾಂತಕ್ಕಿಂತ ಆಳವಾದ ಶಾಸ್ತ್ರ. ನಮ್ಮ ರಾಜ್ಯಕ್ಕೆ ಇದರಲ್ಲಿ ಒಂದು ವಿಶೇಷ ಸ್ಥಾನವೇ ಇದೆ. 2020ರಲ್ಲಿ ಬೆಂಗಳೂರಿನ ಕಂಪನಿಯೊಂದು, ನಾವು ಪೊಟ್ಟಣದಲ್ಲಿ ಮಾರುವ ಮಲಬಾರ್ ಪರೋಟ ರೊಟ್ಟಿಯ ಜಾತಿಗೆ ಸೇರುತ್ತದೆಯೇ, ಹಾಗಾದರೆ 5 ಸಾಕಲ್ಲವೇ ಎಂದು ಯಾವುದಕ್ಕೆ ಎಷ್ಟು ತೆರಿಗೆ ಎಂದು ಮೊದಲೇ ಹೇಳುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಪ್ರಾಧಿಕಾರ ಪರೋಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ತಿನ್ನುವ ಮೊದಲು ಬಿಸಿ ಮಾಡಬೇಕು, ಆದ್ದರಿಂದ ಇದು ರೊಟ್ಟಿಯಲ್ಲ, 18 ಕಟ್ಟಿ ಎಂದಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಉಳಿದ ಚಪಾತಿಯನ್ನು ಬೆಳಗ್ಗೆ ಬಿಸಿ ಮಾಡುವಾಗ ಕಿಟಕಿಯ ಪರದೆ ಎಳೆಯುತ್ತಿದ್ದೆವು. ಯಾರಿಗೆ ಗೊತ್ತು, ಕಾವಲಿಯ ಮೇಲೆ ಇಟ್ಟ ಕ್ಷಣದಲ್ಲಿ ಅದರ ಜಾತಿ ಕೆಟ್ಟು ಹೋದರೆ? ಆಮೇಲೆ 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಮಂಡಳಿ ಪಾಪ್‌ಕಾರ್ನಿಗೆ ವರ್ಣಾಶ್ರಮ ಕಲ್ಪಿಸಿತು. ಉಪ್ಪು ಹಾಕಿ ಬಿಡಿಯಾಗಿ ಮಾರಿದರೆ 5, ಪೊಟ್ಟಣ ಕಟ್ಟಿ ಹೆಸರಿಟ್ಟರೆ 12, ಸಕ್ಕರೆ ಪಾಕ ತಾಗಿಸಿಕೊಂಡರೆ 18. ಮುಸುಕಿನ ಜೋಳ ಒಂದೇ. ಸಹವಾಸದಿಂದ ಗುಣ ಎಂದು ಹಿರಿಯರು ಹೇಳಿದ್ದನ್ನು ಮಂಡಳಿ ಅಕ್ಷರಶಃ ಪಾಲಿಸಿತು.

ಪರೋಟಕ್ಕೆ ಕೊನೆಗೂ ಮೋಕ್ಷ ಸಿಕ್ಕಿತು. 2025ರ ಸೆಪ್ಟೆಂಬರಿನಿಂದ ಅದಕ್ಕೆ ಸೊನ್ನೆ. ಐದು ವರ್ಷ ವನವಾಸ ಮಾಡಿ ರೊಟ್ಟಿಯ ಕುಲಕ್ಕೆ ಮರಳಿತು. ಇಂಟರ್ನೆಟ್ಟಿಗೂ ಯಾರಾದರೂ ಪುಣ್ಯಾತ್ಮರು ಅರ್ಜಿ ಹಾಕಬೇಕಿತ್ತು. ನಮ್ಮ ಮನೆಗೆ ಬರುವ ಸಂಪರ್ಕವನ್ನು ಬಿಸಿ ಮಾಡುವ ಅಗತ್ಯವೇ ಇಲ್ಲ, ಮಧ್ಯಾಹ್ನದ ಹೊತ್ತಿಗೆ ರೌಟರ್ ತಾನಾಗಿಯೇ ಕಾದ ಕಾವಲಿಯಂತೆ ಆಗಿರುತ್ತದೆ.

ಈ ತೆರಿಗೆಯ ವಂಶಾವಳಿಯೂ ಸಣ್ಣದಲ್ಲ. ಸೇವೆಗಳ ಮೇಲೆ ತೆರಿಗೆ ಹಾಕಬಹುದು ಎಂದು ದೇಶಕ್ಕೆ ಮೊದಲು ಹೊಳೆದದ್ದು 1994ರಲ್ಲಿ. ಆಗ ಬಲೆಗೆ ಬಿದ್ದವು ಮೂರೇ ಸೇವೆಗಳು: ಷೇರು ದಲ್ಲಾಳಿ, ಸಾಮಾನ್ಯ ವಿಮೆ ಮತ್ತು ದೂರವಾಣಿ. ದರ 5. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು ಮರುವರ್ಷ, 1995ರ ಆಗಸ್ಟ್ 15ರಂದು. ಅದೂ ಬಂದದ್ದು ಅದೇ ದೂರವಾಣಿಯ ತಂತಿಯ ಮೇಲೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ. ಕುಲಾವಿ ಮಾತ್ರ ಕೂಸಿಗಿಂತ ವೇಗವಾಗಿ ಬೆಳೆಯಿತು. 2015ರಲ್ಲಿ 14 ಆಯಿತು, ಸ್ವಚ್ಛ ಭಾರತಕ್ಕೆ ಎಂದು ಅರ್ಧ ಸೇರಿಸಿದರು, ಮರುವರ್ಷ ಕೃಷಿ ಕಲ್ಯಾಣಕ್ಕೆ ಎಂದು ಇನ್ನರ್ಧ, ಅಲ್ಲಿಗೆ 15. 2017ರ ಜೂನ್ 30ರ ನಡುರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಗುಂಡಿ ಒತ್ತಿ ಜಿಎಸ್‌ಟಿ ತಂದರು, ಬೆಳಗಾಗುವುದರೊಳಗೆ 18. ಮಲಗಿದ್ದಾಗ ಏರಿದ್ದು ಎಂಟು ವರ್ಷ ಕಳೆದರೂ ಇಳಿದಿಲ್ಲ.

ಹೋಗಲಿ, ಒಂದು ವಿಷಯಕ್ಕೆ ನಾನು ಈ ಬಿಲ್ಲಿಗೆ ಕೃತಜ್ಞ. ದೆಹಲಿ ಮತ್ತು ಬೆಂಗಳೂರು ಸರ್ಕಾರಗಳು ಒಂದೇ ಹಾಳೆಯ ಮೇಲೆ ಜಗಳವಾಡದೆ ಕೂತಿರುವುದನ್ನು ನಾನು ನೋಡಿರುವುದು ಇಲ್ಲಿ ಮಾತ್ರ. ತೆರಿಗೆ ಪಾಲಿನಲ್ಲಿ ಅನ್ಯಾಯ ಎಂದು ಇವರು, ಲೆಕ್ಕ ಸರಿಯಾಗಿದೆ ಎಂದು ಅವರು. ದರ ಇಳಿಸಿದರೆ ನಮಗೆ ನಷ್ಟ, ಪರಿಹಾರ ಕೊಡಿ ಎಂದು ಇವರು ಕೇಳಿದ್ದೂ ಆಯಿತು. ಮಂಡಳಿಯ ಅಧ್ಯಕ್ಷ ಪೀಠದಲ್ಲಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದಲೇ, ಆದ್ದರಿಂದ ಇದನ್ನು ಮನೆಯೊಳಗಿನ ಜಗಳ ಎಂದೂ ಕರೆಯಬಹುದು. ನನ್ನ ಬಿಲ್ಲಿನಲ್ಲಿ ಮಾತ್ರ ಇಬ್ಬರೂ ರಾಮ ಲಕ್ಷ್ಮಣರು. ಅಣ್ಣನಿಗೆ 53.91, ತಮ್ಮನಿಗೆ 53.91. ಪೈಸೆಯೂ ಹೆಚ್ಚುಕಡಿಮೆ ಇಲ್ಲ.

ನಮ್ಮ ಬೀದಿಯ ತುದಿಯಲ್ಲೊಂದು ಸಾಫ್ಟ್‌ವೇರ್ ಕಂಪನಿ ಇದೆ. ಅವರಿಗೂ ಇದೇ ತಂತಿ, ಇದೇ 18. ಆದರೆ ಅವರು ಕಟ್ಟಿದ್ದನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂಬ ಹೆಸರಿನಲ್ಲಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುತ್ತಾರೆ. ಅದು ಕಾನೂನು, ತಪ್ಪಲ್ಲ. ನಾನು ಯಾರಲ್ಲಿ ವಜಾ ಹಾಕಿಕೊಳ್ಳಲಿ? ಯೂಟ್ಯೂಬ್ ನೋಡಿ ಹೆಂಡತಿ ಮಾಡಿದ ಮಜ್ಜಿಗೆ ಹುಳಿಗೆ ಮಕ್ಕಳಿಂದ ಜಿಎಸ್‌ಟಿ ವಸೂಲು ಮಾಡಲೇ? ಕೈಯಿಂದ ಕೈಗೆ ದಾಟಿಕೊಂಡು ಬಂದ ಹೊರೆ ಕೊನೆಗೆ ಇಳಿಯುವುದು ಮನೆಯವನ ತಲೆಯ ಮೇಲೆ, ಅವನಿಗೆ ಮುಂದೆ ದಾಟಿಸಲು ಯಾರೂ ಇಲ್ಲ. ಬಿಲ್ ಕಟ್ಟುವುದು ಎರಡು ದಿನ ತಡವಾದರೆ ದಂಡ, ಆ ದಂಡದ ಮೇಲೂ 18. ಕಳೆದ ತಿಂಗಳು ಮೂರು ದಿನ ಸಂಪರ್ಕವೇ ಇರಲಿಲ್ಲ. ಮರ ಕಡಿಯುವವರು ಕೊಂಬೆಯ ಜೊತೆ ನಮ್ಮ ಕೇಬಲ್ಲನ್ನೂ ಕಡಿದಿದ್ದರು. "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಸಂದೇಶ ಮೊದಲ ದಿನವೇ ಬಂತು. ಇಂಟರ್ನೆಟ್ ಮೂರನೆಯ ದಿನ ಬಂತು. ಬಾರದಿದ್ದ ಇಂಟರ್ನೆಟ್ಟಿನ ತೆರಿಗೆ ಮಾತ್ರ ಪೂರ್ತಿಯಾಗಿ ಬಂತು.

ಇಳಿಸಿದ್ದರೂ ಅದು ನಮ್ಮ ಕೈಗೆ ಸಿಗುತ್ತಿತ್ತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಂದಿನಿ ತುಪ್ಪವನ್ನೇ ನೋಡಿ. ಸೆಪ್ಟೆಂಬರ್ 22ರಂದು ಲೀಟರಿಗೆ 650 ಇದ್ದದ್ದು 610 ಆಯಿತು. ನಲವತ್ತು ರೂಪಾಯಿ ಉಳಿಯಿತು ಎಂದು ಹೆಂಡತಿ ಒಂದು ದಿನ ಮೈಸೂರುಪಾಕನ್ನೂ ಮಾಡಿದಳು. ನವೆಂಬರಿನಲ್ಲಿ ಅದು ತೊಂಬತ್ತು ರೂಪಾಯಿ ಏರಿ 700 ಆಯಿತು. ಮೈಸೂರುಪಾಕು ಇನ್ನೂ ಮುಗಿದಿರಲಿಲ್ಲ, ಸ್ವಲ್ಪ ಗಟ್ಟಿಯಾಗಿತ್ತು. ದೂರಸಂಪರ್ಕ ಕಂಪನಿಗಳಂತೂ ಇದರಲ್ಲಿ ಪಳಗಿದ ಕೈ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು, ಜಾತ್ರೆಗೆ ಹೊರಟ ಎತ್ತಿನ ಗಾಡಿಗಳಂತೆ, ಮೊಬೈಲ್ ದರ ಏರಿಸಿದವು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಇಲ್ಲಿ ದೇವರೂ ಕೊಟ್ಟಿಲ್ಲವಾದ್ದರಿಂದ ಪೂಜಾರಿಯ ಪರೀಕ್ಷೆ ಆಗಲಿಲ್ಲ.

ನಗುವಷ್ಟು ನಕ್ಕಾಯಿತು. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂದಿರುವುದು ನೂರೇಳು ರೂಪಾಯಿಗೆ ಅಲ್ಲ. ಇಂಟರ್ನೆಟ್ ನನಗೆ ಬೇಕು ಎಂದು ನಾನು ಕೇಳಿದ್ದಕ್ಕಿಂತ ಹೆಚ್ಚಾಗಿ ನಿನಗೆ ಬೇಕೇ ಬೇಕು ಎಂದು ಸರ್ಕಾರ ಹೇಳಿದೆ. ಇ-ಖಾತೆ ಆನ್‌ಲೈನ್. ಪಹಣಿ ಆನ್‌ಲೈನ್. ಪರೀಕ್ಷೆಯ ಫಲಿತಾಂಶ, ಆಸ್ಪತ್ರೆಯ ಚೀಟಿ, ಮಕ್ಕಳ ಹೋಂವರ್ಕ್ ಎಲ್ಲವೂ ಅದರಲ್ಲಿಯೇ. ಎಪ್ಪತ್ತಾರು ವರ್ಷದ ಮೇಷ್ಟರು ತಾವು ಬದುಕಿದ್ದೇವೆ ಎಂದು ಪಿಂಚಣಿಯವರಿಗೆ ತೋರಿಸಲು ಪ್ರತಿ ನವೆಂಬರಿನಲ್ಲಿ ನಮ್ಮ ಮನೆಗೆ ಬಂದು ಮೊಬೈಲಿನ ಮುಂದೆ ಕಣ್ಣು ಮಿಟುಕಿಸುತ್ತಾರೆ. ಚಿಲ್ಲರೆ ಇಲ್ಲದಿದ್ದರೂ ನಡೆಯುತ್ತದೆ, ಸ್ಕ್ಯಾನ್ ಮಾಡಿ ಎಂದು ಬೀದಿಬೀದಿಯಲ್ಲಿ ಕಲಿಸಿದಿರಿ. ಕಲಿತ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ಆ ಸ್ಕ್ಯಾನಿನ ಲೆಕ್ಕವನ್ನೇ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಟೀ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡ್ ಇಳಿದು, ನಗದು ಮಾತ್ರ ಎಂಬ ಬೋರ್ಡು ಬಂದದ್ದನ್ನು ನಾವೆಲ್ಲ ನೋಡಿದೆವು.

2021ರ ಮಳೆಗಾಲದಲ್ಲಿ ಸುಳ್ಯದ ಕಡೆಯ ಒಂದು ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ರಸ್ತೆಯ ಬದಿಯಲ್ಲಿ ಕೂತು ಪಾಠ ಕೇಳುತ್ತಿರುವ ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಆ ಹುಡುಗಿ ಕೇಳಿದ ಪಾಠಕ್ಕೆ ಬಳಸಿದ ಡೇಟಾದ ಮೇಲೂ 18 ಇತ್ತು. ಶಿಕ್ಷಣದ ಹಕ್ಕಿನಲ್ಲಿ ಇಂಟರ್ನೆಟ್ಟೂ ಸೇರಿದೆ ಎಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಹಕ್ಕು ಎಂದರೆ ಹಕ್ಕು, ಅದಕ್ಕೆ ನೂರಕ್ಕೆ ಹದಿನೆಂಟು ಯಾವ ಬಾಬ್ತಿನಲ್ಲಿ ತೆಗೆದುಕೊಳ್ಳುತ್ತೀರಿ? ನೋಟ್‌ಬುಕ್ಕಿಗೆ ತೆರಿಗೆ ತೆಗೆದವರಿಗೆ, ಮಕ್ಕಳು ಈಗ ಯಾವುದನ್ನು ನೋಡಿ ಆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ ಎಂದು ಒಬ್ಬರೂ ಹೇಳಲಿಲ್ಲವೇ? ಮಂಡಳಿಯಲ್ಲಿ ಕೇಂದ್ರದವರಿದ್ದಾರೆ, ಎಲ್ಲ ರಾಜ್ಯಗಳವರಿದ್ದಾರೆ, ಹಲವು ಪಕ್ಷದವರಿದ್ದಾರೆ. ಅಷ್ಟು ಜನರಲ್ಲಿ ಯಾರ ಮನೆಯಲ್ಲೂ ಇಂಟರ್ನೆಟ್ ಬಿಲ್ ಕಟ್ಟುವವರು ಇಲ್ಲ ಎಂದು ಕಾಣುತ್ತದೆ.

ಇಷ್ಟು ಬರೆದು ಬಿಲ್ಲನ್ನು ಮಡಚಿಡುವಾಗ ತಳದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. 82 ಪೈಸೆಯ ಗೊಡವೆ ಏಕೆ ಎಂದು ಕಳೆದ ತಿಂಗಳು ನಾನು ದುಂಡಗೆ 707 ರೂಪಾಯಿ ಕಟ್ಟಿದ್ದೆ. ಅದನ್ನು ಕಂಪನಿ ಮರೆತಿಲ್ಲ. "ಹಿಂದಿನ ಜಮೆ: 0.18" ಎಂದು ನಮೂದಿಸಿ, ಈ ತಿಂಗಳು ಕಟ್ಟಬೇಕಾದದ್ದು 706.64 ಎಂದು ತೋರಿಸಿದೆ. ಮೇಷ್ಟರನ್ನು ಕರೆದು ತೋರಿಸಿದೆ. ಅವರು ಫ್ರಿಜ್ಜಿನ ಬಾಗಿಲಿನಲ್ಲಿದ್ದ ತಮ್ಮ ಚೀಟಿಯನ್ನು ತೆಗೆದು, 77.87ನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: ಉತ್ಸವದ ಉಳಿತಾಯ, ಹದಿನೆಂಟು ಪೈಸೆ.